ಐದು ಅಡಿಗಲ್ಲುಗಳ ಊರು

ಮತದಾನದ ಮರುದಿನ, ಗುರುವಾರ ಬೆಳಿಗ್ಗೆ ಎಂಟಕ್ಕೆ ಫೌಬಾಲಾ ಠಾಣೆಗೆ ದೂರು ಬಂತು. ತಂದವನು ಮತಗಟ್ಟೆ ಅಧಿಕಾರಿ ಹಿಲಾರಿ. ಹಿಂದಿನ ರಾತ್ರಿ ಸಮುದ್ರ ಕೆಟ್ಟಿದ್ದರಿಂದ ಅವನ ತಂಡ ಸುಲಿಯಾನೋ ಊರಿನ ಶಾಲೆಯಲ್ಲೇ ಉಳಿದಿತ್ತು. ಬೆಳಗಾಗುವಷ್ಟರಲ್ಲಿ ಮತಪೆಟ್ಟಿಗೆ ಮಾಯವಾಗಿತ್ತು.

“ಕಾವಲಿಗೆ ಯಾರಿದ್ರು?” ಇನ್‌ಸ್ಪೆಕ್ಟರ್ ಜೆಫತ್ ಓಫಾಗಾ ಕೇಳಿದರು.

“ನಾನೂ ನಿಮ್ಮ ಕಾನ್‌ಸ್ಟೇಬಲ್ ಮೋಸೆಸ್ಸೂ ಸಾರ್. ಊರಿನ ಹೆಂಗಸರು ಸುಟ್ಟ ಮೀನು, ತೆಂಗಿನಹಾಲಲ್ಲಿ ಬೇಯಿಸಿದ ಗೆಣಸು ತಂದಿಟ್ರು. ಬೇಡ ಅನ್ನೋಕಾಗುತ್ತಾ?”

“ತಿಂದ್ರಿ. ಮಲಗಿದ್ರಿ.”

ಹಿಲಾರಿ ತಲೆ ತಗ್ಗಿಸಿದ. ಅವನ ಬೆನ್ನಿಗೇ ಸಂಸದ ಬಾರ್ನಬಸ್ ಇರೋಟಾನ ಬಲಗೈ ಗಾಡ್‌ಫ್ರೆ ನುಗ್ಗಿಬಂದ. “ಇದು ಆ ಟೈಟಸ್ ಮೇಷ್ಟ್ರ ಕೆಲಸ. ಮೊದಲು ಅವನನ್ನ ಒಳಗೆ ಹಾಕಿ ಸಾರ್!”

ಟೈಟಸ್ ಎದುರಾಳಿಯ ಪರ ಪ್ರಚಾರ ಮಾಡಿದ್ದ ಶಾಲಾ ಮೇಷ್ಟ್ರು. ಓಫಾಗಾ ಮೊದಲು ಪ್ರಕರಣ ದಾಖಲಿಸಿಕೊಂಡರು. ಒಂದು ಪೆಟ್ಟಿಗೆಗೆ ಇಷ್ಟು ಗದ್ದಲ ಯಾಕೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಸ್ವಾತಂತ್ರ್ಯ ಬಂದಾಗಿನಿಂದ ಫೌಬಾಲಾ ಕ್ಷೇತ್ರ ಒಂದೇ ಮನೆಯ ಆಸ್ತಿ. ಮೊದಲು ಅಪ್ಪ, ಅಪ್ಪ ಸತ್ತ ಮೇಲೆ ಉಪಚುನಾವಣೆಯಲ್ಲಿ ಮಗ ಬಾರ್ನಬಸ್. ನಡುವೆ ಒಮ್ಮೆ ಅಪ್ಪ ಸೋತಿದ್ದ. ಗೆದ್ದವನು ರಾಜಧಾನಿ ಹೊನಿಯಾರಾಕ್ಕೆ ಹೋಗಿ ಅಪ್ಪನ ಪಕ್ಷವನ್ನೇ ಸೇರಿಕೊಂಡ. ಕಳೆದ ಸಲ ಮಗನನ್ನು ಗೆಲ್ಲಿಸಿದ್ದು ಸುಲಿಯಾನೋದ ಈ ಒಂದೇ ಪೆಟ್ಟಿಗೆ. ಸೋತವನು ಕೋರ್ಟಿಗೆ ಹೋದ, ತೀರ್ಪು ಬರುವಷ್ಟರಲ್ಲಿ ಅವಧಿಯೇ ಮುಗಿದಿತ್ತು.

ಸುಲಿಯಾನೋದಲ್ಲಿ ಊರಹಿರಿಯ ಹೇಳಿದವನಿಗೆ ಇಡೀ ಊರು ಓಟು ಹಾಕುತ್ತಿತ್ತು. ಅದಕ್ಕೆ ಪ್ರತಿಯಾಗಿ ಪ್ರತಿ ಚುನಾವಣೆಗೂ ಮುಂಚೆ ಬಾರ್ನಬಸ್ ಬಂದು ಆಸ್ಪತ್ರೆಗೆ ಒಂದು ಅಡಿಗಲ್ಲು ಹಾಕಿ, ಹಾರ ಹಾಕಿಸಿಕೊಂಡು ಹೋಗುತ್ತಿದ್ದ. ದಂಡೆಯಲ್ಲಿ ಐದು ಕಲ್ಲುಗಳು ಸಾಲಾಗಿ ನಿಂತಿವೆ. ಹೆಂಗಸರು ಅವುಗಳ ಮೇಲೆ ಮೀನು ಕುಯ್ಯುತ್ತಾರೆ. ನಾಚಿಕೆ ಅನ್ನುವುದು ಇದ್ದಿದ್ದರೆ ಅದು ಎರಡನೇ ಕಲ್ಲಿಗೇ ಬರಬೇಕಿತ್ತು.

ಮಧ್ಯಾಹ್ನದೊಳಗೆ ಊರ ದಂಡೆಗೆ ಪೊಲೀಸರ ದೋಣಿ, ಚುನಾವಣಾ ಆಯೋಗದ ದೋಣಿ, ಗಾಡ್‌ಫ್ರೆಯ ವೇಗದ ದೋಣಿ ಎಲ್ಲ ಬಂದು ನಿಂತವು. ಕೊಬ್ಬರಿ ಒಣಗಿಸುವ ಕೊಟ್ಟಿಗೆ, ದೋಣಿಮನೆ, ಚರ್ಚು, ಹಂದಿದೊಡ್ಡಿ ಎಲ್ಲವನ್ನೂ ಜಾಲಾಡಿದರು. ಟೈಟಸ್‌ನ ಮನೆಯ ಚಾಪೆಯನ್ನೂ ಬಿಡಲಿಲ್ಲ.

“ಪೆಟ್ಟಿಗೆ ಕದ್ದು ನನಗೇನು ಲಾಭ ಸಾರ್?” ಮೇಷ್ಟ್ರು ಕೇಳಿದ. “ಈ ಸಲ ಅರ್ಧ ಊರು ನಮ್ಮ ಕಡೆಗಿತ್ತು.”

“ಬಾಯಿ ನೋಡು ಬಾಯಿ!” ಗಾಡ್‌ಫ್ರೆ ವೀಳ್ಯದ ಕೆಂಪು ಉಗುಳಿದ.

ಸಂಜೆಗೆ ಓಫಾಗಾ ಪಂಚನಾಮೆ ಬರೆಯಲು ಕುಳಿತರು. “ಇಡೀ ಊರನ್ನು ಶೋಧಿಸಲಾಯಿತು” ಎಂದು ಬರೆದದ್ದೇ ಪೆನ್ನು ನಿಂತಿತು. ಊರಿನ ಮೂಡಣ ತುದಿಯಲ್ಲಿ, ಕೇದಗೆ ಬೇಲಿಯ ಆಚೆ, ಹೆಂಗಸರ ಬಾಣಂತಿ ಗುಡಿಸಲಿತ್ತು. ಗಂಡಸರು ಅಲ್ಲಿ ಕಾಲಿಡುವಂತಿಲ್ಲ, ಕಣ್ಣೆತ್ತಿ ನೋಡುವಂತಿಲ್ಲ. ಓಫಾಗಾ ಇದೇ ಹಿನ್ನೀರಿನ ದಂಡೆಯಲ್ಲಿ ಹುಟ್ಟಿದವರು. ಬೆಳಗಿನಿಂದ ಆ ಬೇಲಿಯ ಹತ್ತಿರ ಹೋದಾಗಲೆಲ್ಲ ಅವರ ಕತ್ತು ತಾನಾಗಿಯೇ ಸಮುದ್ರದ ಕಡೆ ತಿರುಗಿತ್ತು. ಇಡೀ ಊರು ಅಂದರೆ ಗಂಡಸರ ಊರು. ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

“ಡೋರ್ಕಾಸ್,” ಮಹಿಳಾ ಕಾನ್‌ಸ್ಟೇಬಲನ್ನು ಕರೆದರು. “ಹೆಂಗಸರ ಬೇಲಿ ಒಳಗೆ ನೋಡಿದೆಯಾ?”

“ನೀವು ಹೇಳ್ಲಿಲ್ಲ ಸಾರ್.”

“ಈಗ ಹೇಳ್ತಿದೀನಿ.”

ಅವಳು ಹೊರಬಂದಾಗ ಕೈಯಲ್ಲಿ ಚಾಪೆ ಸುತ್ತಿದ ಪೆಟ್ಟಿಗೆ ಇತ್ತು. ಮೊಹರು ಹಾಗೇ ಇತ್ತು. ಹಿಲಾರಿ ಓಡಿಬಂದವನು ತಟಕ್ಕನೆ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡ.

“ಅಲ್ಲಿಂದ ಬಂದಿದ್ದನ್ನ ಮುಟ್ಟೋರು ಯಾರು!” ಊರಹಿರಿಯ ಹಣೆ ಚಚ್ಚಿಕೊಂಡ. ಮೈಲಿಗೆಯ ಹೆದರಿಕೆಗೆ ಗಾಡ್‌ಫ್ರೆ ಕೂಡ ಎರಡು ಹೆಜ್ಜೆ ಹಿಂದೆ ಸರಿದ. ದೇಶ ಆಳುವವರನ್ನು ಆರಿಸುವ ಪೆಟ್ಟಿಗೆಯನ್ನು ಡೋರ್ಕಾಸ್ ಒಬ್ಬಳೇ ಹೊತ್ತು ನಿಂತಳು.

ಗುಡಿಸಲಿಗೆ ಗಂಡಸು ಹೋಗಿರಲಾರ. ಓಫಾಗಾ ಹೆಂಗಸರ ಕಡೆ ತಿರುಗಿದರು. “ಯಾರೂ ಹೇಳದಿದ್ರೆ ಎಲ್ಲರನ್ನೂ ಕರ್ಕೊಂಡು ಹೋಗ್ಬೇಕಾಗುತ್ತೆ.”

ಸೊಂಟಕ್ಕೆ ಲಾವಾಲಾವಾ ಬಟ್ಟೆ ಬಿಗಿದ ಮುದುಕಿಯೊಬ್ಬಳು ಮುಂದೆ ಬಂದಳು. ಹೆಸರು ಅರಾನಾ. “ಊಟ ತಂದಿಟ್ಟವಳೂ ನಾನೇ, ಪೆಟ್ಟಿಗೆ ಎತ್ತಿದವಳೂ ನಾನೇ.”

“ಯಾರು ಹೇಳಿಕೊಟ್ರು ಅಮ್ಮಾ?”

“ಯಾರು ಹೇಳಿಕೊಡ್ಬೇಕು? ನನಗೇನು ತಲೆ ಇಲ್ವಾ?”

“ಮೊಹರು ಮುರೀಲಿಲ್ಲ ಯಾಕೆ?”

“ಒಳಗೆ ನನ್ನ ಓಟೂ ಇದೆಯಲ್ಲ ಮಗಾ. ನಾನ್ಯಾಕೆ ಮುರೀಲಿ?”

“ಮತ್ಯಾಕೆ ಕದ್ರಿ?”

ಅವಳು ದಂಡೆಯ ಕಡೆ ಕೈ ತೋರಿಸಿದಳು. “ಹೋದ ವರ್ಷ ನನ್ನ ಮಗಳು ಲೋಸಾ ಆ ಗುಡಿಸಲಲ್ಲೇ ಹೆರಿಗೆ ನೋವು ತಿಂತಾ ಬಿದ್ದಿದ್ಲು. ಮಗು ಅಡ್ಡ ನಿಂತಿತ್ತು. ದೂರದ ಆಸ್ಪತ್ರೆಗೆ ಒಯ್ಯೋಕೆ ದೋಣಿ ಬೇಕು ಅಂತ ಈ ಗಾಡ್‌ಫ್ರೆ ಹತ್ರ ಮೂರು ಸಲ ಆಳು ಕಳಿಸ್ದೆ. ಅವನ ಆ ದೋಣಿ ಕ್ಷೇತ್ರದ ದುಡ್ಡಲ್ಲಿ ಕೊಂಡ ದೋಣಿ, ನಮ್ಮ ಹೆಸರಲ್ಲಿ ಬಂದಿದ್ದು. ಪೆಟ್ರೋಲ್ ಇಲ್ಲ ಅಂದ. ಎರಡು ಜೀವ ಹೋಯ್ತು. ಇವತ್ತು ಒಂದು ಡಬ್ಬಿ ಕಾಣ್ಲಿಲ್ಲ ಅಂತ ನೋಡು, ಎಷ್ಟು ದೋಣಿ ಬಂದ್ವು! ಇವತ್ತು ಪೆಟ್ರೋಲ್ ಎಲ್ಲಿಂದ ಬಂತು, ಕೇಳು ಅವನನ್ನ.”

ಓಫಾಗಾ ಕೇಳಿದರು. ಗಾಡ್‌ಫ್ರೆ “ಅದು ಬೇರೆ ವಿಷಯ ಸಾರ್” ಅಂದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಓಫಾಗಾಗೆ. ಆದರೆ ಪೆಟ್ರೋಲ್ ಇಲ್ಲ ಅಂದದ್ದಕ್ಕೆ ಕಾನೂನಿನಲ್ಲಿ ಕಲಮು ಇಲ್ಲ. ಪೆಟ್ಟಿಗೆ ಎತ್ತಿದ್ದಕ್ಕೆ ಇದೆ. ಅರಾನಾಳನ್ನು ಬಂಧಿಸಿದರು. ಹೇಳಿಕೆಯ ಕೊನೆಯಲ್ಲಿ ಲೋಸಾಳ ಹೆಸರನ್ನೂ, ಹೆಸರಿಡದ ಮಗುವನ್ನೂ, ಗಾಡ್‌ಫ್ರೆ ಆಡಿದ ಮಾತನ್ನೂ ಬರೆದರು. ಮೇಲಿನವರು ಅದನ್ನು ಹೊಡೆದುಹಾಕಬಹುದೆಂದು ಗೊತ್ತಿತ್ತು.

ಮೊಹರು ಸರಿಯಿದ್ದುದರಿಂದ ಆಯೋಗ ಮತಗಳನ್ನು ಎಣಿಸಿತು. ಶನಿವಾರ ರೇಡಿಯೋದಲ್ಲಿ ಫಲಿತಾಂಶ ಬಂದಾಗ ಓಫಾಗಾ ಲಾಕಪ್ಪಿನ ಹತ್ತಿರ ಹೋದರು.

“ಯಾರು ಗೆದ್ರು?” ಅರಾನಾ ಕೇಳಿದಳು.

“ಬಾರ್ನಬಸ್. ಸುಲಿಯಾನೋದಲ್ಲಿ ಕಡಿಮೆ ಬಿತ್ತು, ಆದ್ರೂ ಗೆದ್ದ.”

“ಹಾಗಾದ್ರೆ ಆರನೇ ಕಲ್ಲು ಬರುತ್ತೆ ಬಿಡು ಮಗಾ,” ಅಂದಳು ಮುದುಕಿ. “ಮೀನು ಕುಯ್ಯೋಕೆ ನಾನಿರಲ್ಲ, ಅಷ್ಟೆ.”