ಮೂವತ್ತೆರಡನೆಯ ಪುಟ

ನಮ್ಮ ಚಿಕ್ಕಮ್ಮನಿಗೆ ಗಲಾಟೆಯಿದ್ದರೇ ತಲೆ ಓಡುವುದು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಜೀವ. ನಿವೃತ್ತರಾದ ಮೇಲೂ ರೇಡಿಯೊ ಅರಚುತ್ತಿರಬೇಕು, ಎದುರಿಗೆ ಕೂತು ನಾನು ಬಡಬಡಿಸುತ್ತಿರಬೇಕು. ವಠಾರದಲ್ಲಿ ಏನು ಕಳೆದರೂ, ಯಾರು ಕಾಣೆಯಾದರೂ ಜನ ಬಡಿಯುತ್ತಿದ್ದದ್ದು ನಮ್ಮ ಬಾಗಿಲನ್ನೇ. ಆದರೆ ಆ ಬೆಳಿಗ್ಗೆ ಬಂದ ಹೆಂಗಸಿನ ಮುಖ ನೋಡಿ ನಾನೇ ರೇಡಿಯೊ ಆರಿಸಿದೆ.

ಆಕೆಯ ತಂಗಿ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವಳು. ಎರಡು ದಿನದ ಹಿಂದೆ, ಮಧ್ಯಾಹ್ನ ಹನ್ನೆರಡಕ್ಕೆ, ಅಲ್ಲಿನ ಹಿಂಬದಿಯ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಅವಳ ಹೆಣ ಸಿಕ್ಕಿತ್ತು. ಕಾಲು ಜಾರಿದ್ದು ಎಂದು ಬರೆದು ಪೊಲೀಸರು ಕೈ ತೊಳೆದುಕೊಂಡಿದ್ದರು.

ಆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು ಕೆಳಗಿನ ದೊಡ್ಡ ಹಾಲಿನಲ್ಲಿ ಜೋಡಿಯಾಗಿ ಕೂರಬೇಕಿತ್ತು. ಒಬ್ಬರು ಮೂಲಪ್ರತಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಾಡಿಸಬೇಕು. ಒಂದೇ ಸಲಕ್ಕೆ ಆರು ಗಂಟಲು. ತಂಗಿಗೆ ತಲೆ ಸಿಡಿಯುತ್ತಿತ್ತು. ಮನೆಗೆ ತಂದ ಕೆಲಸವನ್ನಾದರೆ ಅಡುಗೆಮನೆಯ ಮೇಜಿನ ಮೇಲೆ ತನ್ನ ರೀತಿಯಲ್ಲಿ ಮಾಡುತ್ತಿದ್ದಳು: ಕುರ್ಚಿ ಕಿರುಗುಟ್ಟಬಾರದು, ನಡುವೆ ಚಹಾ ಬೇಡ, ಓದುವುದು ಕೊನೆಯ ಪುಟದಿಂದ ಹಿಂದಕ್ಕೆ, ಮುಗಿಯುವವರೆಗೆ ಯಾರೂ ಮಾತಾಡಿಸಬಾರದು.

"ಬೇರೆ ಕೋಣೆ ಕೇಳು ಅಂತ ಜೀವ ತಿಂದವಳು ನಾನೇ," ಎಂದಳು ಅಕ್ಕ. "ಮೂರು ವಾರದ ಹಿಂದೆ ಮೇಲಿನ ಕೋಣೆ ಕೊಟ್ರು. ನಾನೇ ಅವಳನ್ನ ಆ ಮೆಟ್ಟಿಲು ಹತ್ತಿಸಿದ್ದಾ? ಅಷ್ಟು ಹೇಳಿ ಸಾಕು."

ಪಾಪ, ಕಣ್ಣಲ್ಲಿ ಒಂದು ಹನಿಯಿಲ್ಲ.

ಪ್ರೆಸ್ಸಿನ ಮಾಲೀಕರು ಮುಖ ಸಿಂಡರಿಸಿಕೊಂಡೇ ಕೋಣೆ ತೋರಿಸಿದರು. ಹಳೆಯ ಪ್ರೂಫ್‌ಗಳನ್ನು ಮೂಲಪ್ರತಿಯ ಜೊತೆ ಕಟ್ಟಿಡುವ ಉಗ್ರಾಣವದು. ಕಿಟಕಿಯ ಬಳಿ ಮೇಜು, ಗೋಡೆಯುದ್ದಕ್ಕೂ ನಂಬರು ಹಚ್ಚಿದ ಕಟ್ಟುಗಳು. ಅವುಗಳ ನಡುವೆ ಒಂದು ಖಾಲಿ ಜಾಗ. ಸುತ್ತ ಬೆರಳುದಪ್ಪ ಧೂಳು, ಅಲ್ಲಿ ಮಾತ್ರ ಇಲ್ಲ. ಮೇಜಿನ ಮೇಲೆ ಆ ದಿನದ ಪ್ರೂಫ್, ಮೂವತ್ತೆರಡು ಪುಟ. ಒಂದರಿಂದ ಹದಿನಾರರವರೆಗೆ ಕೆಂಪು ಗುರುತುಗಳು, ಮುಂದಿನವು ಖಾಲಿ. ಕೊನೆಯ ಪುಟದ ತಳದಲ್ಲಿ ಮಾತ್ರ ಎರಡು ಗುರುತು.

ಹದಿನಾರು ಪುಟವೆಂದರೆ ಎರಡೂವರೆ ಗಂಟೆಯ ಕೆಲಸ, ಹಾಗಾಗಿ ಬಿದ್ದದ್ದು ಹನ್ನೊಂದೂವರೆಯ ಮೇಲೆಯೇ, ಎಂದರು ಮಾಲೀಕರು. ಆಗ ಎಲ್ಲರೂ ಹಾಲಿನಲ್ಲಿದ್ದರು. ಕೆಲಸದ ನಡುವೆ ಅವಳನ್ನು ಮಾತಾಡಿಸಬಾರದೆಂದು ಮಧ್ಯಾಹ್ನದವರೆಗೆ ಯಾರೂ ಆ ಕಡೆ ಸುಳಿದಿರಲಿಲ್ಲ. ಚಿಕ್ಕಮ್ಮ ಖಾಲಿ ಜಾಗದ ನಂಬರು ಬರೆದುಕೊಂಡರು. ಪ್ರೆಸ್ಸಿನ ಬಾಗಿಲು ತೆಗೆಯುವವರು ಯಾರೆಂದೂ ಕೇಳಿದರು. ಪ್ರೂಫ್ ನೋಡುವವರ ಮುಖ್ಯಸ್ಥರಾದ ಹೆಡ್ ರೀಡರ್, ಒಂಬತ್ತಕ್ಕೆ. ತಂಗಿಯೂ ಆಗಲೇ ಬರುತ್ತಿದ್ದಳು. ಉಳಿದವರು ಒಂಬತ್ತೂವರೆಗೆ.

ಅಂದೇ ಮಧ್ಯಾಹ್ನ ಚಿಕ್ಕಮ್ಮ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿದರು. ಅಕ್ಕನೂ ಬಂದಿದ್ದಳು, ಪೊಲೀಸಿನವರೂ ಒಬ್ಬರಿದ್ದರು.

"ಅವಳು ಕೊನೆಯಿಂದ ಹಿಂದಕ್ಕೆ ಓದೋಳು," ಎಂದರು ಚಿಕ್ಕಮ್ಮ. "ಮುಂದಿನಿಂದ ಓದಿದ್ರೆ ಅರ್ಥ ಎಳ್ಕೊಂಡು ಹೋಗತ್ತೆ, ತಪ್ಪು ಕಾಣಲ್ಲ. ಈ ಹಾಲಲ್ಲಿ ಜೋಡಿಯಲ್ಲಿ ಕೂತು ಹಾಗೆ ಓದೋಕೆ ಆಗ್ತಿರಲಿಲ್ಲ. ಅದಕ್ಕೇ ನಿಮಗ್ಯಾರಿಗೂ ಗೊತ್ತಿಲ್ಲ. ಆ ದಿನ ಅವಳು ಮಾಡಿದ್ದು ಮೂವತ್ತೆರಡನೇ ಪುಟದ ಆ ಎರಡು ಗುರುತು ಮಾತ್ರ. ಹದಿನಾರು ಪುಟ ತಿದ್ದಿದ್ದು ಬೇರೆಯವರು, ಅವಳು ಸತ್ತ ಮೇಲೆ."

ಕೆಂಪು ಗೆರೆಗೆ ಕೈಬರಹವಿಲ್ಲ, ಎಲ್ಲರ ಗೆರೆಯೂ ಒಂದೇ ಎಂದು ವಿವರಿಸಿದರು. ಎರಡು ಗುರುತಿಗೆ ಐದು ನಿಮಿಷ ಸಾಕು. ಅಂದರೆ ಸಾವು ಒಂಬತ್ತಕ್ಕೆ ಸ್ವಲ್ಪ ಮೇಲೆ. ಅರ್ಧ ಗಂಟೆಯಲ್ಲಿ ಅಲ್ಲೊಂದು ಇಲ್ಲೊಂದು ಗೆರೆ ಎಳೆದು ಕೆಳಗಿಳಿದರೆ, ಹನ್ನೊಂದೂವರೆಗೆ ಹಾಲಿನಲ್ಲಿ ಓದುತ್ತಿದ್ದೆನೆಂದು ಹೇಳಲು ಜೋಡಿಯೇ ಸಾಕ್ಷಿ. ಆ ಹೊತ್ತಿನಲ್ಲಿ ಪ್ರೆಸ್ಸಿನಲ್ಲಿ ಇದ್ದವರು ಇಬ್ಬರೇ. ನಾವೆಲ್ಲ ಹೆಡ್ ರೀಡರ್ ಕಡೆ ತಿರುಗಿದೆವು.

ಚಿಕ್ಕಮ್ಮ ನಂಬರಿನ ಚೀಟಿಯನ್ನು ಮಾಲೀಕರಿಗೆ ಕೊಟ್ಟು, ಕಾಣೆಯಾದ ಕಟ್ಟು ಯಾವುದೆಂದು ಕೇಳಿದರು. ರಿಜಿಸ್ಟರ್ ತಿರುವಿದ ಮಾಲೀಕರ ಮುಖ ಬಿಳಿಚಿಕೊಂಡಿತು. ಮಕ್ಕಳ ಔಷಧಿಯ ಬಾಟಲಿಗೆ ಅಂಟಿಸುವ ಚೀಟಿ. ಅರ್ಧ ಚಮಚ ಎಂದಿರಬೇಕಾದ ಕಡೆ ಐದು ಚಮಚ ಎಂದು ಅಚ್ಚಾಗಿ ಒಂದು ಮಗು ಸತ್ತಿತ್ತು. ಮೂಲಪ್ರತಿಯೇ ತಪ್ಪಿತ್ತು ಎಂದು ಹೆಡ್ ರೀಡರ್ ಆಗ ಹೇಳಿದ್ದರು, ಎಲ್ಲರೂ ನಂಬಿದ್ದರು.

ಹೆಡ್ ರೀಡರ್ ಪೆನ್ನು ಕೆಳಗಿಟ್ಟರು. "ಮೂಲಪ್ರತಿ ಸರಿಯಾಗೇ ಇತ್ತು. ನಾನು ಓದದೇ ಸಹಿ ಹಾಕಿದ್ದೆ. ಅವಳಿಗೆ ಆ ಕಟ್ಟು ಸಿಕ್ತು. ನೀವೇ ಹೇಳಿಬಿಡಿ, ಇಲ್ಲಾಂದ್ರೆ ಇವತ್ತು ನಾನು ಹೇಳ್ತೀನಿ ಅಂದ್ಲು. ಮೆಟ್ಟಿಲ ಮೇಲೆ ಕೈ ಮುಗಿದೆ. ಕೇಳಲಿಲ್ಲ. ತಳ್ಳಿಬಿಟ್ಟೆ. ಕಟ್ಟು ತೆಗೆದದ್ದೂ ನಾನೇ." ಪೊಲೀಸಿನವರು ಅವರನ್ನು ಎಬ್ಬಿಸಿಕೊಂಡು ಹೋದರು. ಥೂ, ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಸಂಬಳ ತಿಂದ ಮನುಷ್ಯ.

ಅಕ್ಕ ಕೂತಲ್ಲಿಂದ ಕದಲಲಿಲ್ಲ. "ಹಾಗಾದ್ರೆ ಆ ಕೋಣೆಗೆ ಹೋಗದಿದ್ದಿದ್ರೆ ಕಟ್ಟು ಸಿಗ್ತಿರಲಿಲ್ಲ. ಬದುಕಿರ್ತಿದ್ಲು."

ಹಾಗಲ್ಲ ಎಂದುಬಿಡಬಹುದಿತ್ತು ನಮ್ಮ ಚಿಕ್ಕಮ್ಮ, ಆದರೆ ಸುಳ್ಳು ಹೇಳುವವರಲ್ಲ ಅವರು. ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತು ಕೈ ಹಿಡಿದುಕೊಂಡರು.

ಆಗ ಮೂಲೆಯಲ್ಲಿದ್ದ ಹುಡುಗಿ, ಹಿಂದೆ ತಂಗಿಯ ಜೋಡಿಯಾಗಿ ಓದುತ್ತಿದ್ದವಳು, ಎದ್ದು ಹತ್ತಿರ ಬಂದಳು.

"ಅಕ್ಕಾ, ಒಂದು ಮಾತು. ಎರಡು ವರ್ಷ ನನ್ನ ಪಕ್ಕ ಕೂತಿದ್ರು, ಒಂದು ದಿನಾನೂ ನಕ್ಕಿದ್ದು ನೋಡಿರಲಿಲ್ಲ. ಮೇಲಕ್ಕೆ ಹೋದ್ಮೇಲೆ ದಿನಾ ಹಾಡು ಗುನುಗ್ತಿದ್ರು. ಮೆಟ್ಟಿಲ ಹತ್ರ ನಿಂತ್ರೆ ಕೇಳಿಸ್ತಿತ್ತು."

"ಅವಳಾ?" ಎಂದಳು ಅಕ್ಕ. "ಸದ್ದು ಅಂದ್ರೇ ಆಗದೋಳು."

"ಅವರೇ. ಮೂರು ವಾರವೂ."

ಆಗ ಅಕ್ಕ ಅತ್ತಳು. ಓದುವ ಗಂಟಲುಗಳೆಲ್ಲ ಸುಮ್ಮನಾಗಿದ್ದ ಆ ಹಾಲಿನಲ್ಲಿ ಅವಳೊಬ್ಬಳ ಅಳು ಬಹಳ ಹೊತ್ತು ಕೇಳಿಸಿತು.