ಕಂಬವಿಲ್ಲದ ಗೋದಾಮು

ಶ್ರೀನಾಥ ಲ್ಯಾಪ್‌ಟಾಪನ್ನು ನಕ್ಷೆ ತೋರಿಸಲು ನವನೀತಾಳತ್ತ ತಿರುಗಿಸಿದ. ಅವಳು ನಕ್ಕಳು. ಕಣ್ಣಿನಲ್ಲಿ ಮೊದಲು ಹುಟ್ಟಿ, ತಡವಾಗಿ ತುಟಿಗಿಳಿಯುವ ನಗು. ತುಸು ದೂರದಲ್ಲಿ ಟೇಪ್ ಹಿಡಿದು ನಿಂತಿದ್ದ ಬಾಲರಾಜನಿಗೆ ಅದನ್ನು ನೋಡಬಾರದಿತ್ತು ಅನಿಸಿತು.

ನಾರಾಯಣಪೇಟೆಯ ನೇಕಾರರ ಸಂಘಕ್ಕೆ ಮಖ್ತಲ್ ರಸ್ತೆಗೆ ಕೂಡುವ ಓಣಿಯೊಂದರಲ್ಲಿ ಗೋದಾಮು ಬೇಕಿತ್ತು. ಸಂಘದ ಕೆಲಸ ನೋಡುವವಳು ನವನೀತಾ. ನಕ್ಷೆ ಹೈದರಾಬಾದಿನ ಶ್ರೀನಾಥನದು. ಅದನ್ನು ಇಲ್ಲಿ ಕಟ್ಟಲು ಆಗುತ್ತದೋ ಇಲ್ಲವೋ ಎಂದು ಹೇಳಬೇಕಾದವನು ಗುತ್ತಿಗೆದಾರನ ಇಂಜಿನಿಯರ್ ಬಾಲರಾಜ. ವರ್ಷದಿಂದ ಸಂಘಕ್ಕೆ ಬಂದುಹೋಗುತ್ತಿದ್ದರೂ ನವನೀತಾಳೆದುರು ತಲೆ ತಗ್ಗಿಸಿಯೇ ಮಾತಾಡುವವನು.

"ನಡುವ ಒಂದೂ ಕಂಬ ಇಲ್ಲ! ಎಷ್ಟು ಚಂದ ಐತಿ ನೋಡ್ರಿ!" ಎಂದಳು.

ಚಂದ ಯಾವುದು? ನಕ್ಷೆಯೋ, ಅದನ್ನು ಬರೆದವನೋ?

"ಆಗಂಗಿಲ್ಲರಿ," ಎಂದ ಬಾಲರಾಜ. "ಛಾವಣಿ ತೊಲಿ ಭಾಳ ಉದ್ದ. ಟ್ರೇಲರ್ ಈ ಓಣಿ ಮೂಲ್ಯಾಗ ತಿರುಗಂಗಿಲ್ಲ."

"ತುಂಡು ಮಾಡಿ ತಂದು ಇಲ್ಲೇ ಜೋಡಿಸಿದರೆ?" ಶ್ರೀನಾಥ ಕೇಳಿದ.

"ಜೋಡಿಸಾಕ ಜಾಗ ಎಲ್ಲೈತ್ರಿ ಸಾರ್?"

ಜಾಗವಿತ್ತು. ಪಕ್ಕದ ಹೊಲ ಅಂಜಯ್ಯನದು, ಬಾಲರಾಜನಿಗೆ ಸೋದರಮಾವನಾಗಬೇಕು. ಹತ್ತಿ ಕಿತ್ತು ಖಾಲಿಯಾಗಿತ್ತು. ಕೇಳಿದರೆ ಇಲ್ಲ ಅನ್ನುವವನಲ್ಲ. ಆ ಮಾತನ್ನು ಬಾಲರಾಜ ನುಂಗಿಕೊಂಡ.

"ಇಲ್ಲಿನದು ನಿಮಗೇ ಗೊತ್ತು. ಹಾಗಾದರೆ ನಡುವೆ ಕಂಬ ಹಾಕಿ ತಿದ್ದುತ್ತೇನೆ," ಎಂದು ಶ್ರೀನಾಥ ನಂಬಿ ಕಾರು ಹತ್ತಿದ. ಆ ನಂಬಿಕೆ ಬಾಲರಾಜನಿಗೆ ಚುಚ್ಚಿತು. ನವನೀತಾಳ ಸಪ್ಪೆ ಮುಖ ಇನ್ನೂ ಚುಚ್ಚಿತು. ಆ ಬೇಸರವೂ ಶ್ರೀನಾಥನಿಗಾಗಿಯೇ?

"ಮನಿಗೆ ಬರ್ರಿ, ಚಹಾ ಕುಡದು ಹೋಗೀರಂತ," ಎಂದಳು.

ಅವಳ ಓಣಿಯಲ್ಲಿ ಸೀರೆಯ ಹಾಸುನೂಲನ್ನು, ಅಂದರೆ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿದ್ದರು. ಅವಳ ತಾಯಿ ಎಂಕಮ್ಮ ಬಿಸಿಲಲ್ಲಿ ನಿಂತು ಎಳೆಗಳಿಗೆ ಗಂಜಿ ಸವರುತ್ತಿದ್ದಳು. ಆಟೊ ಹಾರ್ನ್ ಹೊಡೆಯಿತು. ಹೆಂಗಸರು ಗಡಿಬಿಡಿಯಲ್ಲಿ ಹಾಸನ್ನು ಬದಿಗೆ ಸರಿಸಿದರು. ಎಳೆಗಳು ಪಟಪಟ ಹರಿದವು.

"ಇದಕ್ಕ ನೋಡ್ರಿ ಕಂಬ ಬ್ಯಾಡ ಅಂತ ನಾನೇ ಹೇಳಿದ್ದೆ," ಎಂದಳು ನವನೀತಾ. "ಗೋದಾಮು ಖಾಲಿ ಇದ್ದಾಗ ನಾಕು ಮನಿಯವ್ರು ನೆರಳಾಗ ಹಾಸು ಎಳೀಲಿ ಅಂತ."

ಬಾಲರಾಜ ಹರಿದ ಎಳೆಗಳಿಂದ ಕಣ್ಣು ತೆಗೆದು ಅವಳತ್ತ ತಿರುಗಿದ.

"ಕಟ್ಟಬಹುದ್ರಿ. ಅಂಜಯ್ಯ ಮಾವನ ಹೊಲದಾಗ ತೊಲಿ ಜೋಡಿಸಬಹುದು."

"ಮುಂಜಾನಿ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ತು."

"ಮತ್ತ?"

"ಅವರ ನಕ್ಷೆ ನೋಡಿ ನೀವು ನಕ್ಕಿರಿ. ನನಗ ತಡಕೊಳ್ಳಾಕ ಆಗಲಿಲ್ಲ."

"ಒಂದು ನಗೀ ಸಲುವಾಗಿ ನಮ್ಮವ್ವನ್ನ ಬಿಸಿಲಾಗ ನಿಲ್ಲಿಸ್ತಿದ್ರಿ?"

ಎಂಕಮ್ಮ ಹರಿದ ಎಳೆಗಳಿಗೆ ಗಂಟು ಹಾಕುತ್ತಾ ಕೂತಿದ್ದಳು. ಬಾಲರಾಜನಿಗೆ ಹೊರಟುಬಿಡೋಣ ಅನಿಸಿತು.

"ಎಷ್ಟು ಹೊಟ್ಟಿಕಿಚ್ಚು ನಿಮಗ!" ನವನೀತಾ ಕೊನೆಗೆ ಎಂದಳು. ಕೋಪದ ಅಡಿಯಲ್ಲಿ ದನಿ ಮೆತ್ತಗಾಗಿತ್ತು. "ನಿಮ್ಮನ್ನ ನೋಡಿ ನಗಬೇಕಂದ್ರ ನೀವು ತಲಿ ಎತ್ತಬೇಕಲ್ಲ? ವರ್ಷಾತು, ಕಾಯ್ಲಿಕ್ಕತ್ತೀನಿ."

ಅವನಿಗೆ ಉಸಿರು ತೆಗೆದುಕೊಳ್ಳಲೂ ಬಿಡದೆ ಶ್ರೀನಾಥನಿಗೆ ಫೋನ್ ಹಚ್ಚಿ ಕೈಗಿಟ್ಟಳು. "ನೀವೇ ಹೇಳ್ರಿ ಅವರಿಗೆ. ಆಮ್ಯಾಲೆ ಚಹಾ."

"ಹೇಳು ನವನೀತಾ," ಅತ್ತಲಿಂದ ಶ್ರೀನಾಥನ ದನಿ. ಎಷ್ಟು ಸಲೀಸಾಗಿ ಕರೆಯುತ್ತಾನೆ! ಬಾಲರಾಜನ ಎದೆ ಮತ್ತೆ ಚುರ್ರೆಂದಿತು.

"ನಾನು ಬಾಲರಾಜ, ಸಾರ್. ಕಂಬ ಬ್ಯಾಡ್ರಿ. ಮುಂಜಾನಿ ನಾನು ಹೇಳಿದ್ದು ಸುಳ್ಳು. ನಿಮ್ಮ ನಕ್ಷೆ ಕಟ್ಟಬಹುದು."

ಹೇಳುವಷ್ಟು ಹೊತ್ತೂ ಅವಳನ್ನೇ ನೋಡುತ್ತಿದ್ದ. ಈ ಸಲ ನವನೀತಾಳೇ ಕಣ್ಣು ಕೆಳಗಿಳಿಸಿದಳು.