ಸತ್ತೂರಿನ ಬೆಲ್ಲ-ನೀರು

ಹನ್ನೆರಡು ಸಾವಿರ ಜನ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರಲು ಓಡುತ್ತಿದ್ದರು. ಒಬ್ಬರ ಕೈಯಲ್ಲೂ ನೀರಿನ ಬಾಟಲಿ ಇರಲಿಲ್ಲ. ಅದು 2064ರ ಮ್ಯಾರಥಾನ್. ಎಲ್ಲರ ತೋಳಿನ ಮೇಲೂ ವೀಳ್ಯದೆಲೆಯಷ್ಟಗಲದ ಒಂದು ಪಟ್ಟಿ. ಹೆಸರು ‘ಒರತೆ’. ಕೂದಲಿಗಿಂತ ಸಪೂರವಾದ ಸೂಜಿಗಳಿಂದ ಅದು ಮೈಯೊಳಗಿನ ಉಪ್ಪು, ಸಕ್ಕರೆಗಳನ್ನು ಕ್ಷಣಕ್ಷಣಕ್ಕೂ ಅಳೆದು, ಕಡಿಮೆ ಬಿದ್ದಷ್ಟನ್ನು ಸೊಂಟದ ಚೀಲದ ನೀರಿನೊಡನೆ ಚರ್ಮದಡಿಗೆ ಹರಿಸುತ್ತಿತ್ತು. ಅದರ ಕೀರ್ತಿ ಎಂಥದ್ದೆಂದರೆ, ರಾಜಸ್ಥಾನದ ಒಂಟೆಗಳು ನಾಚಿ ಡುಬ್ಬ ಇಳಿಸಿಕೊಂಡಿದ್ದವು. ಧಾರವಾಡದ ಎಮ್ಮೆಗಳು ಕೆರೆಯ ದಾರಿಯನ್ನೇ ಮರೆತಿದ್ದವು.

ಅದನ್ನು ಕಂಡುಹಿಡಿದ ಡಾ. ನಿವೇದಿತಾ ಹಂಚಿನಾಳ ಕೂಡ ಅರವತ್ತರ ವಯಸ್ಸಿನಲ್ಲಿ ಆ ಗುಂಪಿನಲ್ಲೇ ಓಡುತ್ತಿದ್ದಳು. ಎಂಟನೆಯ ಕಿಲೋಮೀಟರಿಗೆ ಸತ್ತೂರು ಬಂತು. ರಸ್ತೆಬದಿಯ ಮನೆಯ ಮುಂದೆ ಒಂದು ಮೇಜು, ಕೊಡ, ಹರಿವಾಣದ ತುಂಬ ಬೆಲ್ಲ. ಮೇಜಿನ ಹಿಂದೆ ಅವಳ ಅಕ್ಕ ವನಮಾಲಾ. ನಿವೇದಿತಾಳನ್ನು ಕಂಡೊಡನೆ ಅವಳು ಮುಖ ತಿರುಗಿಸಿದಳು.

ಒರತೆ ಬರುವ ಮೊದಲು ಓಟಗಾರರು ಮೂರು ದಿನ ಅನ್ನ ತಿಂದು ಸ್ನಾಯುಗಳಲ್ಲಿ ಸಕ್ಕರೆ ಕೂಡಿಡುತ್ತಿದ್ದರು, ಎಲ್ಲಿ ಎಷ್ಟು ಗುಟುಕು ಕುಡಿಯಬೇಕೆಂದು ಮುಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಅಷ್ಟಾದರೂ ಮೂವತ್ತು ಕಿಲೋಮೀಟರು ದಾಟಿದ ಮೇಲೆ ಕಾಲು ಕಂಬವಾಗುತ್ತಿತ್ತು. ಮರಳುವ ದಾರಿಯಲ್ಲಿ ಸತ್ತೂರು ಮುಟ್ಟಿದವರಿಗೆ ವನಮಾಲಾಳ ಬೆಲ್ಲ-ನೀರೇ ಅಮೃತ. ಹೋದ ಪ್ರಾಣಗಳು ಅವಳ ಮೇಜಿನ ಮುಂದೆ ಸಾಲುಗಟ್ಟಿ ವಾಪಸು ಬರುತ್ತಿದ್ದವು. ಈಗ ಮೂರು ವರ್ಷದಿಂದ ಒಬ್ಬರೂ ಅವಳ ನೀರು ಕುಡಿದಿರಲಿಲ್ಲ.

ಹೋದ ವರ್ಷ ನಿವೇದಿತಾ ಆ ಮೇಜಿನ ಮುಂದೆ ನಿಂತಿದ್ದಳು. ಲೋಟ ತುಟಿಗೆ ತರುವಷ್ಟರಲ್ಲಿ ಪಟ್ಟಿ ಚೀರಿತು: ಇದರ ಮೇಲೆ ಇನ್ನಷ್ಟು ನೀರು ಬಿದ್ದರೆ ರಕ್ತದ ಉಪ್ಪು ತೆಳುವಾಗುತ್ತದೆ, ಅಪಾಯ. ಲೆಕ್ಕಾಚಾರದ ಹೆಂಗಸು, ಲೋಟವನ್ನು ತುಂಬಿದ್ದಂತೆಯೇ ಕೆಳಗಿಟ್ಟಳು. ಆ ಸೀಮೆಯಲ್ಲಿ ಕೊಟ್ಟ ನೀರನ್ನು ಕುಡಿಯದೆ ಇಟ್ಟರೆ ‘ನಿನ್ನ ಹೊಸ್ತಿಲು ನನಗೆ ಬೇಡ’ ಎಂದ ಹಾಗೆ. ಅಂದಿನಿಂದ ಅಕ್ಕನ ಮಾತು ನಿಂತಿತ್ತು.

ಈ ಸಲ ಮೇಜು ಹಿಂದೆ ಉಳಿಯುತ್ತಿದ್ದಂತೆ ನಿವೇದಿತಾ ಪಟ್ಟಿಯನ್ನು ಪರ್‍ರನೆ ಕಿತ್ತು, ಚೀಲದೊಡನೆ ಕಸದ ಬುಟ್ಟಿಗೆ ಒಗೆದಳು.

ಪಕ್ಕದಲ್ಲಿ ಓಡುತ್ತಿದ್ದ ತರುಣ ಬ್ಯಾಂಕ್ ಅಧಿಕಾರಿ ಇಮ್ತಿಯಾಜ್ ನದಾಫ ಬೆಚ್ಚಿಬಿದ್ದ. “ಮೇಡಂ, ಏನ್ ಮಾಡಾಕತ್ತೀರಿ? ನಿಮ್ಮ ಪಟ್ಟಿ ನೀವೇ ಒಗದ್ರ ಹೆಂಗ್ರೀ?”

“ನೀರಡಿಕಿ ಆಗಬೇಕಾಗೇತಪ್ಪಾ.”

“ಆದ್ರ ಏನಾಗತೈತ್ರಿ?”

ಅವನು ಓಡಲು ಕಲಿತದ್ದೇ ಒರತೆ ಕಟ್ಟಿಕೊಂಡು.

ಹುಬ್ಬಳ್ಳಿ ಮುಟ್ಟಿ ಹೊರಳಿದಾಗ ನಾಲಿಗೆ ಚಕ್ಕಳವಾಗಿತ್ತು. ಉಣಕಲ್ ಕೆರೆ ಕಂಡಾಗ, ಅದನ್ನೆಲ್ಲ ಒಂದೇ ಗುಟುಕಿಗೆ ಹೀರಿ ಮೀನುಗಳನ್ನು ಉಗುಳಿಬಿಡುವಷ್ಟು ದಾಹ. ನವನಗರದಲ್ಲಿ ತೊಡೆಗಳು ಕಲ್ಲಾದವು. ವೈದ್ಯರ ಗಾಡಿ ಪಕ್ಕಕ್ಕೆ ಬಂದು ನೀರಿನ ಚೀಲ ಚಾಚಿತು, ಬೇಡವೆಂದು ತಲೆಯಾಡಿಸಿದಳು. ಅವಳಿಗೆ ಬೇಕಾದದ್ದು ಬರೀ ನೀರಾಗಿರಲಿಲ್ಲ.

ಮೂವತ್ನಾಲ್ಕನೆಯ ಕಿಲೋಮೀಟರು. ಮೇಜಿನ ಅಂಚು ಹಿಡಿದು ನಿಂತಳು.

ವನಮಾಲಾ ಕೊಡದ ಬಾಯಿಗೆ ಅಂಗೈ ಮುಚ್ಚಿದಳು. “ನಿನಗ್ಯಾಕವಾ ನಮ್ಮ ನೀರು? ತೋಳಾಗ ಕೆರೀನs ಕಟ್ಟಿಸೀಯಲ್ಲ.”

ನಿವೇದಿತಾ ಬರಿದಾದ ತೋಳು ತೋರಿಸಿದಳು.

ಅಕ್ಕ ಆ ಒಡೆದ ತುಟಿಗಳನ್ನು ನೋಡಿದಳು. “ಎಲ್ಲಿಂದ ನೀರ ಕುಡೀದs ಹಂಗs ಬಂದೀ?”

“ಇಲ್ಲಿಂದs... ಇಲ್ಲೀತನಕ.”

“ಹುಚ್ಚ ಮೂಳಿ! ಇಷ್ಟ ಓದಿದ್ರೂ ಬುದ್ಧಿ ಬರಲಿಲ್ಲ ನಿನಗ. ಮೊದಲ ಬೆಲ್ಲ ತಿನ್ನು. ಸಾವಕಾಶ! ನೆತ್ತಿಗೇರೀತು.”

ಬೆಲ್ಲ, ಒಂದು ಗುಟುಕು, ಮತ್ತೆ ಬೆಲ್ಲ. ಅಕ್ಕನ ಒದ್ದೆ ಅಂಗೈ ಅವಳ ನೆತ್ತಿಯ ಮೇಲಿತ್ತು. ಲೋಟ ಬರಿದಾದಾಗ ಅವಳು ಮತ್ತೆ ಮುಂದೆ ಚಾಚಿದಳು. ಗುರಿ ಇನ್ನೂ ಎಂಟು ಕಿಲೋಮೀಟರು ದೂರವಿತ್ತು. ಅಂದು ಅವಳು ಅದನ್ನು ಮುಟ್ಟಲೇ ಇಲ್ಲ.

ಮುಂದೆ ಒರತೆ ಓಟ ಬಿಟ್ಟು ಶಾಲೆ, ಕಚೇರಿ, ಹೊಲಗಳಿಗೂ ಹಬ್ಬಿತು. ನಿವೇದಿತಾ ತನ್ನ ಪ್ರಯೋಗಾಲಯದಲ್ಲಿ ಉಳಿದ ಆಯುಷ್ಯವನ್ನೆಲ್ಲ ತೇಯ್ದಳು, ಕಳೆದುಹೋದ ನೀರಡಿಕೆಯನ್ನು ಜನರಿಗೆ ಹಿಂದಿರುಗಿಸುವ ಉಪಕರಣ ಮಾತ್ರ ಅವಳಿಂದ ಆಗಲಿಲ್ಲ.

ನಿಮ್ಮ ಕಾಲದಲ್ಲಿ ನೀರಡಿಕೆ ಇನ್ನೂ ಪುಕ್ಕಟೆ ಸಿಗುತ್ತಿದೆ. ಗಂಟಲು ಒಣಗಿದ್ದರೆ ಪಕ್ಕದ ಮನೆಯ ಬಾಗಿಲು ಬಡಿದು ಒಂದು ಲೋಟ ನೀರು ಕೇಳಿ. ಮಾತು ಬಿಟ್ಟ ಮನೆಯಾದರೆ ಇನ್ನೂ ಒಳ್ಳೆಯದು.